ಅರ್ಧ ಒತ್ತು

ಮಣೆಯನ್ನು ದಿನಕ್ಕೆ ಕಾಲು ಸುತ್ತು ತಿರುಗಿಸಬೇಕು. ನಿನ್ನೆ ಯಾವ ಮೂಲೆ ಎದುರಿಗಿತ್ತೋ ಅದು ಇವತ್ತು ಎಡಕ್ಕೆ ಹೋಗಬೇಕು. ಇಲ್ಲದಿದ್ದರೆ ಅಚ್ಚಿನ ಅಲಗು ದಿನವೂ ಒಂದೇ ಜಾಗದಲ್ಲಿ ಕೂತು, ಮಣೆ ಅಲ್ಲಿಯೇ ಕುಳಿಬಿದ್ದು, ಚರ್ಮ ಪೂರ್ತಿ ಕೊಯ್ಯದೆ ಅಂಚಿಗೆ ಮೀಸೆಯಂಥ ಎಳೆ ಉಳಿಯುತ್ತದೆ. ಹತ್ತೊಂಬತ್ತು ವರ್ಷದಿಂದ ತಮ್ಮಣ್ಣನ ಬೆಳಗು ಶುರುವಾಗುವುದೇ ಈ ಕಾಲು ಸುತ್ತಿನಿಂದ. ಇವತ್ತು ಮಣೆಯ ಎದುರು ನಿಂತವನಿಗೆ ನಿನ್ನೆಯ ಮೂಲೆ ಯಾವುದೆಂದೇ ನೆನಪಾಗಲಿಲ್ಲ. ಎರಡು ಸಲ ಎತ್ತಿ ಇಟ್ಟ. ಸೀಮೆಎಣ್ಣೆಯ ಅರಿವೆಯಿಂದ ಪ್ರೆಸ್ಸಿನ ಕಂಬ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಎಂಟೂವರೆಗೆ ಹೆಂಡತಿ ಕಾಂತಾ ಖಾನಾಪುರದಿಂದ ಫೋನ್ ಮಾಡಿದ್ದಳು. ಮೂರು ದಿನದಿಂದ ಅವಳು ಅಲ್ಲೇ, ಅವನ ಅಣ್ಣನ ಮನೆಯಲ್ಲಿ, ಅತ್ತೆಯ ಹಾಸಿಗೆಯ ಬದಿಯಲ್ಲಿ. "ಬರೂದಾದ್ರ ಇವತ್ತ ಬರ್ರಿ. ಅತ್ತಿ ಗಂಜಿ ಸೈತ ವಲ್ಲೆ ಅನ್ನಾಕತ್ತಾರ. ತಮ್ಮಾ ನನ್ನ ಹೆಸರ ಹೊಡದ ತರ್ತಾನ, ಹೆಸರ ತರ್ತಾನ, ಇದೊಂದ ಮಾತ ನೋಡ್ರಿ" ಎಂದಳು. ತರುತ್ತೇನೆ ಎಂದ. ಹತ್ತೂವರೆಯ ಬಸ್ಸಿಗೆ ಹೊರಡುತ್ತೇನೆ ಎಂದ.

"ಏನೋ ಛಾಪಖಾನಿ ಸಾಹುಕಾರ, ಮಣಿಗೆ ಪ್ರದಕ್ಷಿಣಿ ಹಾಕಾಕತ್ತಿಯೇನು?" ಲಕ್ಷ್ಮಪ್ಪ ಬಾಗಿಲಲ್ಲಿ ಕೈಗವಸಿನ ಗಂಟು ಕಟ್ಟುತ್ತ ಕೇಳಿದ. ಆಟೋ ನಗರದ ಈ ತಗಡಿನ ಶೆಡ್ಡು, ಇದರೊಳಗಿನ ಕೈ ಪ್ರೆಸ್ಸು, ಗೋಡೆಗೆ ತೂಗುಹಾಕಿದ ನಲವತ್ತು ಅಚ್ಚುಗಳು ಎಲ್ಲ ಲಕ್ಷ್ಮಪ್ಪನವು. ಅವನ ಅಪ್ಪ ಕೆರ ಹೊಲಿದವನು, ಅಜ್ಜ ಚರ್ಮ ಹದ ಮಾಡಿದವನು. ತಮ್ಮಣ್ಣನಿಗೆ ಈ ಕೆಲಸದಲ್ಲಿ ಏನೇನು ಬರುತ್ತದೋ ಅದೆಲ್ಲ ಲಕ್ಷ್ಮಪ್ಪನ ಕೈಯಿಂದ ಬಂದದ್ದು. ಪ್ರೆಸ್ಸೆಂದರೆ ದೊಡ್ಡದೇನಲ್ಲ. ಎರಕದ ಕಬ್ಬಿಣದ ಒಂದು ಕಂಬ, ಅದರ ತಲೆಯಿಂದ ಪಕ್ಕಕ್ಕೆ ಸರಿಯುವ ದಪ್ಪ ತೋಳು, ತೋಳಿಗೊಂದು ಉದ್ದ ಹಿಡಿಕೆ. ಮಣೆಯ ಮೇಲೆ ಚರ್ಮ ಹಾಸಿ, ಅದರ ಮೇಲೆ ಉಕ್ಕಿನ ಅಚ್ಚನ್ನಿಟ್ಟು, ತೋಳನ್ನು ಮೇಲಕ್ಕೆ ತಂದು ಹಿಡಿಕೆ ಎಳೆದರೆ ಟಕ್ ಎಂದು ಒಂದು ಅಂಗೈ ಬೀಳುತ್ತದೆ. ಉದ್ಯಮಬಾಗದ ಫೌಂಡ್ರಿಗಳಲ್ಲಿ ಕಾದ ಕಬ್ಬಿಣ ಹಿಡಿಯುವವರ ಕೈಗವಸಿನ ಅಂಗೈ. ಎಡಗೈಗೂ ಬಲಗೈಗೂ ಅಚ್ಚು ಒಂದೇ. ಚರ್ಮದ ಎರಡೂ ಬದಿ ಒರಟಾಗಿರುವುದರಿಂದ ಎಡಗೈಯ ತುಂಡನ್ನು ಹೊಳ್ಳಿಸಿ, ಅಂದರೆ ಮಗುಚಿ ಇಟ್ಟರೆ ಬಲಗೈಯದಾಗುತ್ತದೆ. ಹೊಳ್ಳಿಸು ಎಂಬುದೇ ತಮ್ಮಣ್ಣ ಇಲ್ಲಿ ಕಲಿತ ಮೊದಲ ಮಾತು. ಎರಡನೆಯದು ಅರ್ಧ ಒತ್ತು. ಚರ್ಮ ಕೊಯ್ಯದೆ ಅಳತೆಯ ನಂಬರು ಮಾತ್ರ ಅದರ ಮೇಲೆ ಮೂಡಬೇಕಾದರೆ ಹಿಡಿಕೆಯನ್ನು ಪೂರ್ತಿ ಎಳೆಯಬಾರದು. ಕಬ್ಬಿಣ ಚರ್ಮವನ್ನು ಮುಟ್ಟಿತೋ ಇಲ್ಲವೋ ಎನ್ನುವಲ್ಲಿ ಕೈ ತಡೆಯಬೇಕು. "ಮಲಗಿದ ಕೂಸಿನ ಎದಿ ಮ್ಯಾಲೆ ಕೈ ಇಡತಾರಲ್ಲ, ಹಂಗ" ಎಂದು ಲಕ್ಷ್ಮಪ್ಪ ತೋರಿಸಿಕೊಟ್ಟಿದ್ದ. ಅದು ಬರಲು ತಮ್ಮಣ್ಣನಿಗೆ ಎರಡು ವರ್ಷ ಹಿಡಿಯಿತು.

ಕೆಲಸಕ್ಕೆ ಸೇರಿದಾಗ ಅವ್ವನಿಗೆ ಅವನು ಹೇಳಿದ್ದು ಸುಳ್ಳೇನಲ್ಲ. ಪ್ರೆಸ್ಸಿನಾಗ ಕೆಲಸ ಹತ್ತೇತಿ ಅವ್ವಾ ಎಂದಿದ್ದ. ಅವ್ವ ಕಂಡ ಪ್ರೆಸ್ಸು ಒಂದೇ, ಖಾನಾಪುರದ ಬಸ್‌ಸ್ಟ್ಯಾಂಡಿನ ಬಾಜೂಕ್ಕಿದ್ದ ಛಾಪಖಾನೆ. ಮದುವೆ ಕಾರ್ಡು, ಮಠದ ಕರಪತ್ರ, ಸತ್ತವರ ಶಿವಗಣಾರಾಧನೆಯ ಚೀಟಿ, ಎಲ್ಲ ಅಲ್ಲಿ. ಅವಳ ಮುಖ ಅರಳಿತು. ಲಿಂಗವಂತರ ಮನೆಯ ಸಣ್ಣ ಮಗ ಅಕ್ಷರ ಹೊಡೆಯುವ ಕೆಲಸಕ್ಕೆ ಸೇರಿದ ಎಂದು ಓಣಿಯಲ್ಲೆಲ್ಲ ಸಕ್ಕರೆ ಹಂಚಿ ಬಂದಳು. ಬಾಯಿ ತೆರೆಯಲು ಅವನಿಗೆ ಒಂದು ಗಳಿಗೆ ಸಿಕ್ಕಿತ್ತು. ಸಕ್ಕರೆ ಡಬ್ಬಿ ಹಿಡಿದು ಅವಳು ಹೊಸ್ತಿಲು ದಾಟುವ ಮೊದಲಿನ ಗಳಿಗೆ. ಅವತ್ತು ಬಾಯಿ ಮುಚ್ಚಿಕೊಂಡದ್ದಷ್ಟೇ ಅವನು ಮಾಡಿದ ತಪ್ಪು. ಆಮೇಲೆ ಆಡಿದ್ದೆಲ್ಲ ಆ ಮುಚ್ಚಿದ ಬಾಯಿಗೆ ಕಟ್ಟಿದ ಬಡ್ಡಿ. ಹಬ್ಬಕ್ಕೆ ಊರಿಗೆ ಹೋಗುವ ಮುಂಚೆ ನಿಂಬೆಹಣ್ಣಿನಿಂದ ಕೈ ತಿಕ್ಕುತ್ತಿದ್ದ. ಉಗುರಿನ ಕಪ್ಪು ಕಂಡು ಅವ್ವ "ಶಾಯಿ ಹೋಗೂದಿಲ್ಲೇನೋ?" ಎಂದರೆ ಹೂಂ ಎನ್ನುತ್ತಿದ್ದ. ಖರೇ ಗೊತ್ತಿದ್ದದ್ದು ಕಾಂತಾಳಿಗೊಬ್ಬಳಿಗೆ. ಅಣ್ಣ ಗುರುಪುತ್ರಪ್ಪ ಅದನ್ನು ನಂಬಿದ, ಅಣ್ಣನ ಮಗಳು ಸಾಕ್ಷಿ ನಂಬಿದಳು. ಸಾಲೆಯಲ್ಲಿ ಕಾಕಾನ ಉದ್ಯೋಗ ಎಂದು ಪ್ರಬಂಧ ಬರೆದು ಬಹುಮಾನ ತಂದಳು. ಆ ಪ್ರಬಂಧವನ್ನು ಓದಿ ಹೇಳೆಂದು ಅವ್ವ ಎಷ್ಟು ಸಲ ಹೇಳಿದಳೋ. ಅದರಲ್ಲಿ ಒಂದು ಸಾಲಿತ್ತು: ನನ್ನ ಕಾಕಾ ಸುಳ್ಳು ಅಕ್ಷರವನ್ನು ಎಂದೂ ಹೊಡೆಯುವುದಿಲ್ಲ.

ಅವ್ವನಿಗೆ ಓದು ಬಾರದು. ಆದರೆ ಮನೆಗೆ ಮದುವೆ ಕಾರ್ಡು ಬಂದರೆ ಮೊದಲು ಅವಳ ಕೈಗೇ ಹೋಗಬೇಕು. ಅವಳು ಅದನ್ನು ಹೊಳ್ಳಿಸಿ, ಖಾಲಿ ಬೆನ್ನಿನ ಮೇಲೆ ಬೆರಳಾಡಿಸುವಳು. ಮುಂದು ಹಿಂದು ತಿಳಿಯದ ಮುದುಕಿ ಎಂದು ಎಲ್ಲರೂ ನಗುವರು, ಅವಳೂ ನಗುವಳು. ಆರು ವರ್ಷದ ಹಿಂದೆ ಕಣ್ಣು ಮಸುಕಾಗಿ, ಕಡೆಗೆ ಬೆಳಕೊಂದೇ ಕಾಣುವಷ್ಟು ಆದ ಮೇಲೆ ಕೇಳಲು ಶುರುಮಾಡಿದಳು. "ನಿನ್ನ ಪ್ರೆಸ್ಸಿನಾಗ ನನ್ನ ಹೆಸರ ಒಮ್ಮಿ ಹೊಡಿಯೋ ತಮ್ಮಾ. ಊರ ಮಂದಿದೆಲ್ಲಾ ಹೊಡೀತಿ. ಹೆತ್ತಾಕಿದು ಒಂದ ಹೊಡದ್ರ ನಿಮ್ಮ ಸಾಹುಕಾರ ಬೈತಾನೇನು?" ಹೊಡೆಯುತ್ತೇನೆ ಎಂದ. ಮುಂದಿನ ಹಬ್ಬಕ್ಕೆ ಎಂದ. ಒಮ್ಮೆ ಬಸ್‌ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಅಂಗಡಿಯಲ್ಲಿ ದೊಡ್ಡ ಅಕ್ಷರದಲ್ಲಿ ತೆಗೆಸಿಕೊಂಡು ಹೋಗಿ ಕೊಟ್ಟ. ಅವಳು ಹಾಳೆಯನ್ನು ಹೊಳ್ಳಿಸಿದಳು, ಬೆನ್ನು ಸವರಿದಳು, ಮತ್ತೆ ಮುಂದು ಸವರಿದಳು. "ಕೈಗೆ ಹತ್ತವಲ್ದಲ್ಲೋ ತಮ್ಮಾ. ಗ್ವಾಡಿ ಸವರಿದಂಗ ಆಕ್ಕೈತಿ. ಇದು ನಿನ್ನ ಕೈದಲ್ಲ." ಎರಡು ವರ್ಷದ ಹಿಂದಿನ ಮಾತು. ಅವನ ಸುಳ್ಳನ್ನು ಅವಳು ಹಿಡಿದದ್ದು ಅದೊಂದು ಸಲವೇ, ಅದೂ ಹಿಡಿದೆನೆಂದು ತಿಳಿಯದೆ.

ಇದು ತನ್ನ ಪ್ರೆಸ್ಸಿನಲ್ಲೇ ಆಗುವ ಕೆಲಸ ಎಂದು ಅವನಿಗೆ ಹೊಳೆಯಲು ಮತ್ತೆ ಎರಡು ವರ್ಷ ಬೇಕಾಯಿತು. ತಂತಿ ಬಾಗಿಸಿ ಅಕ್ಷರ ಮಾಡಬೇಕು, ಪ್ಲೈವುಡ್ಡಿಗೆ ಅಂಟಿಸಬೇಕು, ಮಣೆಯ ಮೇಲೆ ಮೆತ್ತನೆಯ ರಬ್ಬರು ಹಾಸಿ ದಪ್ಪ ಕಾರ್ಡಿನ ಮೇಲೆ ಅರ್ಧ ಒತ್ತು ಕೊಡಬೇಕು. ಅಷ್ಟೇ. ರಾಮತೀರ್ಥ ನಗರದ ಬಾಡಿಗೆ ಕೋಣೆಯಲ್ಲಿ ಕೂತು ಒಂದು ವಾರ ಹಿತ್ತಾಳೆ ತಂತಿ ಬಾಗಿಸಿದ. ಕನ್ನಡದ ಅಕ್ಷರ ತಂತಿಗೆ ಒಲಿಯುತ್ತವೆ, ಎಲ್ಲ ದುಂಡಗೆ. ಶಿ, ವ, ಬ, ಸ, ವ್ವ. ಕಡೆಯ ವ್ವದ ಕೆಳಗಿನ ಒತ್ತು ಮಾತ್ರ ಗೋದಿ ಕಾಳಿನಷ್ಟು, ಇಕ್ಕಳಕ್ಕೆ ಸಿಗದು. ಅದನ್ನು ಹಲ್ಲಿನಿಂದ ಬಾಗಿಸಿದ. ನಿನ್ನೆ ಸಂಜೆ ಎಲ್ಲವನ್ನೂ ಪ್ಲೈವುಡ್ಡಿಗೆ ಅಂಟಿಸಿ ಇಲ್ಲಿ ಒಣಗಲು ಇಟ್ಟು ಹೋಗಿದ್ದ.

"ಫೌಂಡ್ರಿಗೆ ಹೋಗಿ ಮಾಲ ಕೊಟ್ಟ ಬರ್ತೀನಿ. ಮೂರ ಆಕ್ಕೈತಿ. ನೀ ಹೊಡ್ಕೊಂಡ ಹೋಗ. ಕೀಲಿ ಬಾಜೂಕಿನ ಗ್ಯಾರೇಜಿನಾಗ ಕೊಡು" ಎಂದ ಲಕ್ಷ್ಮಪ್ಪ. ಹೊಸ್ತಿಲಲ್ಲಿ ನಿಂತು, "ತಿರುಪಿನ ನಟ್ಟ ಬಿಗಿ ಮಾಡ ಮೊದಲ. ತಿರುಪಿನಾಗ ಆಳ ಇಟ್ಟ ಮ್ಯಾಲೆ ನಟ್ಟ ಬಿಗೀಲಿಲ್ಲಂದ್ರ ಎರಡನೇ ಏಟಿಗೆ ತೋಳ ಜಾಸ್ತಿ ಇಳೀತೈತಿ. ಅವ್ವಾರ ಹೆಸರ ಹರೀಬಾರ್ದು" ಎಂದ. ಅವ್ವಾರ ಎಂದನಲ್ಲ, ಆ ಮಾತಿಗೆ ತಮ್ಮಣ್ಣ ತಲೆ ತಗ್ಗಿಸಿದ. ಐದು ವರ್ಷದ ಹಿಂದೆ ಅಣ್ಣನ ಮನೆಯ ವಾಸ್ತುಶಾಂತಿಗೆ ಲಕ್ಷ್ಮಪ್ಪ ತಾನಾಗಿ ಬಂದಿದ್ದ. ಕರೆದಿರಲಿಲ್ಲ, ಕರೆಯುತ್ತಾರೆಂದು ಅವನು ಕಾದೂ ಇರಲಿಲ್ಲ. ಹತ್ತು ಜನರ ನಡುವೆ ಅಣ್ಣ "ಇವರ್ಯಾರೋ?" ಎಂದಾಗ ತಮ್ಮಣ್ಣನ ಬಾಯಿಂದ "ಪೇಪರ್ ಕೊಡೋರು, ನಮ್ಮ ಪ್ರೆಸ್ಸಿಗೆ" ಎಂದು ಬಂತು. ಲಕ್ಷ್ಮಪ್ಪ ಒಂದು ಕ್ಷಣ ಅವನ ಮುಖ ನೋಡಿ ಪೇಪರಿನವನೇ ಆಗಿಬಿಟ್ಟ. ರೇಟು ಏರಿದ್ದರ ಬಗ್ಗೆ ಸಹ ಮಾತಾಡಿದ. ಅವ್ವ ಅವನ ದನಿಯತ್ತ ತಿರುಗಿ "ನಮ್ಮ ತಮ್ಮಾ ಅಕ್ಷರ ಚಲೋ ಹೊಡೀತಾನೇನ್ರಿ?" ಎಂದಳು. "ಒಂದ ಒತ್ತಿಗೆ ಒಂದ ನೋಡ್ರಿ ಅವ್ವಾರ. ಎರಡನೇ ಏಟ ಬೇಕಿಲ್ಲ" ಎಂದ. ಖಾನಾಪುರದಲ್ಲಿ ಬಸ್ಸಿಳಿದವನು ನಳದ ಕೆಳಗೆ ಮೂರು ಸಲ ಸಾಬೂನು ಹಚ್ಚಿ ಕೈ ತೊಳೆದುಕೊಂಡಿದ್ದನಂತೆ. ತಿರುಗಿ ಬರುವಾಗ ಬಸ್ಸಿನಲ್ಲಿ ಅದನ್ನು ತಾನೇ ಹೇಳಿದ, ನಗುತ್ತ. "ನಿನ್ನ ಸುಳ್ಳಿಗೆ ವಾಸ್ನಿ ಬರಬಾರ್ದಲ್ಲೋ." ಮರುದಿನ ಬೆಳಿಗ್ಗೆ ತಮ್ಮಣ್ಣ ಬರುವಷ್ಟರಲ್ಲಿ ಮಣೆ ಕಾಲು ಸುತ್ತು ತಿರುಗಿತ್ತು, ಕಂಬಕ್ಕೆ ಗ್ರೀಸು ಬಿದ್ದಿತ್ತು. ಅದು ಅವನ ಕೆಲಸವಾಗಿತ್ತು. ಆ ಒಂದು ದಿನ ಲಕ್ಷ್ಮಪ್ಪ ಅವನಿಗೆ ಬಿಡದೆ ತಾನೇ ಮಾಡಿಕೊಂಡಿದ್ದ.

ಈಗ ತಮ್ಮಣ್ಣ ನಟ್ಟು ಬಿಗಿದ. ಮಣೆಯ ಮೇಲೆ ರಬ್ಬರು, ಅದರ ಮೇಲೆ ಬಿಳಿ ಕಾರ್ಡು, ಅದರ ಮೇಲೆ ತಂತಿಯ ಮುಖ ಕೆಳಗಾಗಿ ಪ್ಲೈವುಡ್ಡು. ತೋಳು ತಂದ. ಹಿಡಿಕೆ ಎಳೆದ, ಮಲಗಿದ ಕೂಸಿನ ಎದೆ ಎಂದುಕೊಳ್ಳುತ್ತ. ಸದ್ದೇ ಬರಲಿಲ್ಲ. ಅರ್ಧ ಒತ್ತಿಗೆ ಸದ್ದಿಲ್ಲ. ಪ್ಲೈವುಡ್ಡು ಎತ್ತಿದ. ಹೆಸರು ಕಾರ್ಡಿನೊಳಗೆ ಆಳವಾಗಿ, ನಯವಾಗಿ, ಎಲ್ಲಿಯೂ ಹರಿಯದೆ ಕೂತಿತ್ತು. ಉಲ್ಟಾ. ವ್ವ ಮೊದಲು, ಶಿ ಕಡೆಗೆ, ಎಲ್ಲ ಅಕ್ಷರ ಕನ್ನಡಿಯೊಳಗಿನಂತೆ ಆ ಕಡೆ ಮುಖ ಮಾಡಿ ನಿಂತಿದ್ದವು. ಅವನು ತಂತಿಯನ್ನು ಓದಲು ಬರುವಂತೆ ನೆಟ್ಟಗೆ ಅಂಟಿಸಿದ್ದ. ನೆಟ್ಟಗಿನ ಅಚ್ಚು ಉಲ್ಟಾ ಮೂಡಿಸುತ್ತದೆ ಎಂಬುದು ಛಾಪಖಾನೆಯಲ್ಲಿ ಕಸ ಹೊಡೆಯುವವನಿಗೂ ಮೊದಲ ದಿನವೇ ತಿಳಿಯುವ ಸಂಗತಿ. ಚರ್ಮದ ಅಂಗೈ ಕೊಯ್ಯುವವನಿಗೆ ಅದು ಬೇಕಾಗುವುದಿಲ್ಲ, ನಂಬರಿನ ಅಚ್ಚು ಸಿದ್ಧವಾಗಿಯೇ ಬರುತ್ತದೆ, ಅವನಿಗೆ ಎಡವೂ ಒಂದೇ ಬಲವೂ ಒಂದೇ. ಸಾಕ್ಷಿ ಇದನ್ನು ಕೈಯಲ್ಲಿ ಹಿಡಿದು ಓದಲು ಹೋಗುವುದು ಕಣ್ಣ ಮುಂದೆ ಕಂಡಿತು. "ಕಾಕಾ, ಇದೇನ ಉಲ್ಟಾ ಐತಿ?" ಅಣ್ಣ ಕನ್ನಡಕ ಏರಿಸಿ, ಹತ್ತೊಂಬತ್ತು ವರ್ಷ ಅಕ್ಷರ ಹೊಡೆದವನ ಮುಖವನ್ನೊಮ್ಮೆ ಕಾರ್ಡನ್ನೊಮ್ಮೆ ನೋಡುವುದು ಕಂಡಿತು. ಕಾರ್ಡನ್ನು ಚರ್ಮದ ಚೂರಿನ ರಾಶಿಗೆ ಒಗೆದ. ಗಡಿಯಾರದಲ್ಲಿ ಹತ್ತೂ ಹತ್ತು. ಹತ್ತೂವರೆಯ ಬಸ್ಸು ಹಿಡಿಯಬಹುದಿತ್ತು. ಹನ್ನೆರಡರ ಬಸ್ಸಿಗೆ ಹೋದರಾಯಿತು ಎಂದುಕೊಂಡ. ಅವ್ವ ಅವಸರ ಮಾಡುವವಳಲ್ಲ.

ಬ್ಲೇಡಿನಿಂದ ತಂತಿಗಳನ್ನು ಒಂದೊಂದಾಗಿ ಎಬ್ಬಿಸಿದ. ಹೊಳ್ಳಿಸಿ, ಬಲದಿಂದ ಎಡಕ್ಕೆ ಸಾಲಾಗಿ ಇಟ್ಟು, ಹೊಸ ಅಂಟು ಕಲಸಿದ. ಶಿ ಕೂತಿತು. ವ ಕೂತಿತು. ಬ, ಸ, ಮತ್ತೆ ವ. ಒತ್ತಿಗೆ ಕೈ ಹಾಕಿದರೆ ಒತ್ತು ಇಲ್ಲ. ಬ್ಲೇಡಿನ ತುದಿಗೆ ಚಿಮ್ಮಿ ಎಲ್ಲೋ ಬಿದ್ದಿತ್ತು. ಮೊದಲು ಬಗ್ಗಿ ನೋಡಿದ, ಆಮೇಲೆ ಮೊಣಕಾಲೂರಿದ, ಕಡೆಗೆ ಪ್ರೆಸ್ಸಿನ ಕಾಲುಗಳ ನಡುವೆ ಹೊಟ್ಟೆಯ ಮೇಲೆ ಮಲಗಿದ. ಎಣ್ಣೆ, ಧೂಳು, ಹತ್ತೊಂಬತ್ತು ವರ್ಷದ ಚರ್ಮದ ಪುಡಿ. ಶರ್ಟಿನ ಕಿಸೆಯಿಂದ ಫೋನು ತೆಗೆದು ಬ್ಯಾಟರಿ ಹಚ್ಚಿದ. ಹೊಸದೊಂದು ಬಾಗಿಸಬಹುದಿತ್ತು, ಆದರೆ ತಂತಿ ಮನೆಯಲ್ಲಿತ್ತು. ಒತ್ತಿಲ್ಲದೆಯೇ ಹೊಡೆದರೆ? ಹೇಳಿ ನೋಡಿದ. ಶಿವಬಸವ. ಯಾರೋ ಗಂಡಸಿನ ಹೆಸರಾಯಿತು. ಆ ಗೋದಿ ಕಾಳು ಇಲ್ಲದಿದ್ದರೆ ಹೆಸರಿನೊಳಗೆ ಅವ್ವ ಇಲ್ಲ. ಮತ್ತೆ ಮಲಗಿ ಹುಡುಕಿದ. ಚೂರಿನ ರಾಶಿಯನ್ನು ಹಿಡಿ ಹಿಡಿಯಾಗಿ ತೆಗೆದು ಜಾಡಿಸಿದ. ಉಲ್ಟಾ ಕಾರ್ಡು ಎರಡು ಸಲ ಕೈಗೆ ಬಂತು, ಎರಡು ಸಲವೂ ಮುಖ ಕೆಳಗಾಗಿ ಬದಿಗೆ ಒಗೆದ. ಹನ್ನೆರಡು ಹೋಯಿತು. ಪಕ್ಕದ ಗ್ಯಾರೇಜಿನಲ್ಲಿ ಯಾರೋ ತಗಡು ಬಡಿಯುತ್ತಿದ್ದರು. ಹನ್ನೆರಡೂ ಮುಕ್ಕಾಲಿಗೆ ಫೋನಿನ ಬೆಳಕು ಕಣ್ಣು ಮುಚ್ಚಿತು, ಫೋನೂ ಸತ್ತಿತು. ಆ ಕತ್ತಲಲ್ಲಿ ಅವನ ಅಂಗೈಗೆ ಏನೋ ಚುಚ್ಚಿತು. ನೋಡಿದರೆ ಒತ್ತು. ಇಷ್ಟು ಹೊತ್ತೂ ಅದು ಅವನ ಅಂಗೈಗೇ, ಹಸಿ ಅಂಟಿಗೆ ಹತ್ತಿಕೊಂಡು ಕೂತಿತ್ತು.

ಅಂಟು ಒಣಗಲು ಕಾದ. ಒಣಗುವಾಗ ಅಂಟನ್ನು ಮುಟ್ಟಬಾರದು, ನೋಡುತ್ತಲೂ ಕೂರಬಾರದು, ನೋಡಿದರೆ ಮುಟ್ಟುವ ಹಾಗಾಗುತ್ತದೆ. ಅಚ್ಚುಗಳ ಅಲಗಿಗೆ ಎಣ್ಣೆ ಸವರಿದ. ಕಂಬದ ತೂತುಗಳಿಗೆ ನಾಲ್ಕು ನಾಲ್ಕು ಹನಿ ಬಿಟ್ಟ. ಎರಡು ಗಂಟೆಗೆ ಹೊಸ ಕಾರ್ಡಿನ ಮೇಲೆ ಒತ್ತು ಕೊಟ್ಟ. ಈ ಸಲ ನೆಟ್ಟಗೆ ಬಂತು. ಶಿವಬಸವ್ವ. ಯಾವ ಛಾಪಖಾನೆಯವನೂ ಒಪ್ಪಬೇಕು ಹಾಗೆ. ಬೆಳಕಿಗೆ ಹಿಡಿದು ಮೂರು ಸಲ ಓದಿದ. ಎರಡು ಗಳಿಗೆ ಅವನಿಗೆ ಖರೇನೇ ಖುಷಿಯಾಯಿತು. ಆಮೇಲೆ ಆ ಖುಷಿಯನ್ನು ನೆನೆದಾಗಲೆಲ್ಲ ಅವನಿಗೆ ತನ್ನ ಮುಖಕ್ಕೆ ತಾನೇ ಉಗುಳಬೇಕೆನಿಸುತ್ತಿತ್ತು.

ಖಾನಾಪುರದ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಕಾರ್ಡನ್ನು ಎರಡು ರಟ್ಟುಗಳ ನಡುವೆ ಇಟ್ಟು ಎದೆಗೆ ಹಿಡಿದುಕೊಂಡಿದ್ದ. ದೇಸೂರಿನಲ್ಲಿ ಸೀಟು ಸಿಕ್ಕಿತು. ಬಾಜೂಕ ಕೂತಿದ್ದ ಹೆಂಗಸು ಸೆರಗನ್ನು ಮೂಗಿನ ಮೇಲೆ ಎಳೆದುಕೊಂಡಳು. ನಿಂಬೆಹಣ್ಣು ಮರೆತಿದ್ದ. ಇರಲಿ, ಇವತ್ತು ಅವ್ವನಿಗೆ ಹೇಳಿಯೇಬಿಡುತ್ತೇನೆ ಎಂದುಕೊಂಡ. ಹೆಸರು ಕೈಗೆ ಕೊಟ್ಟು, ಅವಳು ಬೆರಳಾಡಿಸುವಾಗ, ಇದು ಚರ್ಮದ ಪ್ರೆಸ್ಸು ಅವ್ವಾ ಎನ್ನುತ್ತೇನೆ. ಏನಂದಾಳು? ಕೈ ಹಿಂದಕ್ಕೆ ಎಳೆದುಕೊಂಡಾಳೇ? ಅವಳು ದಿನವೂ ಲಿಂಗ ಹಿಡಿಯುವ ಕೈ. ಅಥವಾ, ಹುಚ್ಚಾ, ಇಷ್ಟೇನಾ ಅಂದಾಳು. ಎರಡನ್ನೂ ಅವಳ ದನಿಯಲ್ಲೇ ಕೇಳಿಸಿಕೊಂಡು ನೋಡಿದ. ಎರಡೂ ಅವಳದೇ ದನಿ ಎನಿಸಿದವು.

ಅಣ್ಣನ ಮನೆಯ ಓಣಿ ತಿರುಗಿದಾಗ ಅವನು ಮೊದಲು ಕಂಡದ್ದು ಜನರನ್ನಲ್ಲ, ಅಂಗಳದ ಮೆಟ್ಟಿಲಿನ ಕೆಳಗಿನ ಚಪ್ಪಲಿಗಳನ್ನು. ನೆಂಟರು ಬಂದರೆ ಚಪ್ಪಲಿಗಳು ಜೋಡಿಯಾಗಿ, ಗೋಡೆಗೆ ಮುಖ ಮಾಡಿ ಕೂತಿರುತ್ತವೆ. ಇವು ಹಾಗಿರಲಿಲ್ಲ. ಒಂದು ಇಲ್ಲಿ, ಅದರ ಜೊತೆಯದು ಮೂರು ಮೊಳ ಆಚೆ. ಕೆಲವು ಅಂಗಾತ ಬಿದ್ದಿದ್ದವು. ಓಡುತ್ತ ಬಂದವರು, ನಡೆನಡೆಯುತ್ತಲೇ ಕಾಲು ಜಾಡಿಸಿ ಒಳಗೆ ಹೋದವರು. ನಲವತ್ತು ಜೋಡಿಯಾದರೂ ಇದ್ದವು. ತಮ್ಮಣ್ಣ ಅವುಗಳ ನಡುವೆ ನಿಂತ. ಒಳಗಿನಿಂದ ತಾಳದ ಸದ್ದು ಬರುವ ಮೊದಲೇ ಅವನಿಗೆ ಎಲ್ಲ ತಿಳಿದುಹೋಗಿತ್ತು.

ಅವ್ವನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ. ಬದುಕಿದ್ದಾಗ ಅಷ್ಟು ನೆಟ್ಟಗೆ ಅವಳು ಕೂತದ್ದೇ ಇಲ್ಲ. ಅಣ್ಣ ಬಂದು ಭುಜ ಹಿಡಿದ. "ಎಷ್ಟ ಫೋನ ಹಚ್ಚೂದೋ ನಿನಗ! ಒಂದೂ ಕಾಲಿಗೆ ಹ್ವಾದ್ಲು ನೋಡು." ಒಂದೂ ಕಾಲು. ಒತ್ತು ಸಿಕ್ಕಿ ಅರ್ಧ ತಾಸಾಗಿತ್ತು. ಹತ್ತೂವರೆಯ ಬಸ್ಸು ಹನ್ನೊಂದೂವರೆಗೆ ಇಲ್ಲಿಗೆ ಬರುತ್ತದೆ. ಲೆಕ್ಕ ಬೇಡವೆಂದರೂ ತಲೆ ತಾನೇ ಮಾಡಿತು. ಕಾಂತಾ ಮೂಲೆಯಿಂದ ಎದ್ದು ಬಂದು ಮೆಲ್ಲಗೆ ಹೇಳಿದಳು. "ಹನ್ನೆರಡರ ತನಕಾ ಚಲೋ ಶುದ್ಧಿ ಇತ್ರಿ. ಬಲಗೈ ಹಿಂಗ ಅಂಗಾತ ಚಾಚಿ ಇಟ್ಟಿದ್ರು, ಹೊದಿಕಿ ಹೊರಗ. ನಾ ಒಳಗ ಹಾಕಿದ್ರ ಹೊಳ್ಳಿ ಚಾಚತಿದ್ರು. ಇರ್ಲಿ ಬಿಡವಾ, ಅವಾ ಬರ್ತಾನ, ಇದರಾಗ ಇಡತಾನ ಅಂದ್ರು." ಆ ಕೈ ಈಗಲೂ ಹಾಗೆಯೇ ಇತ್ತು. ತೊಡೆಯ ಮೇಲೆ ಅಂಗಾತ, ಬೆರಳು ತುಸು ಬಾಗಿ. ಮಡಚಲು ನೋಡಿದರಂತೆ, ಆಗಲಿಲ್ಲವಂತೆ. ಅವನು ಕಾರ್ಡು ತೆಗೆದು ಅದರಲ್ಲಿ ಇಟ್ಟ. ಅಣ್ಣ ಅದನ್ನೆತ್ತಿ ಎಲ್ಲರಿಗೂ ತೋರಿಸಿದ. "ತಮ್ಮಾ ತನ್ನ ಪ್ರೆಸ್ಸಿನಾಗ ತಾನ ಹೊಡದಾನ ನೋಡ್ರಿ, ಅವ್ವನ ಹೆಸರು." ಸಾಕ್ಷಿ ಅತ್ತು ಕೆಂಪಾದ ಕಣ್ಣಿನಲ್ಲಿ ಓದಿದಳು. "ಎಷ್ಟ ಚಂದ ಬಂದೈತಿ ಕಾಕಾ." ತಪ್ಪಿಲ್ಲದ ಅಕ್ಷರ ಕೈಯಿಂದ ಕೈಗೆ ಹೋಗಿ, ಒಂದು ಸುತ್ತು ಬಂದು, ಗೋಡೆಯೊಳಗಿನ ದೇವರ ಮಾಡದ ಬದಿಯಲ್ಲಿ ಕೂತಿತು. ಮತ್ತೆ ಹೊಡೆದದ್ದು ಇವರ ಕಣ್ಣಿಗಾಗಿಯೇ ಆಗಿತ್ತು. ಅವ್ವನಿಗೆ ಉಲ್ಟಾ ಏನು ಸುಲ್ಟಾ ಏನು.

ದೂರದ ನೆಂಟರು ಬರಬೇಕಿದ್ದರಿಂದ ಮಣ್ಣು ಮಾಡುವುದು ಮರುದಿನಕ್ಕೆ ಎಂದಾಯಿತು. ಬೆಳಿಗ್ಗೆ ಎಂಟಕ್ಕೆ ತಮ್ಮಣ್ಣ ನೀರು ತರಲು ಹೊರಗೆ ಬಂದಾಗ ಲಕ್ಷ್ಮಪ್ಪ ಗೇಟಿನ ಆಚೆ ನಿಂತಿದ್ದ. ಒಗೆದ ಅಂಗಿ, ತಲೆಗೆ ಟೋಪಿ. ಚಪ್ಪಲಿಯನ್ನು ರಸ್ತೆಯ ಅಂ‍ಚಿನಲ್ಲೇ ಬಿಟ್ಟಿದ್ದ, ಜೋಡಿಯಾಗಿ. ಕೈ ಇನ್ನೂ ಒದ್ದೆಯಿತ್ತು.

"ಕಾಂತಾ ಫೋನ ಮಾಡಿ ಹೇಳಿದ್ಲು, ನಿನ್ನಿ ಸಂಜಿಕ" ಎಂದ. ಒಳಗೆ ನೋಡಿದ. ಜನ ಅಂಗಳದವರೆಗೂ ಇದ್ದರು. ದನಿ ಇಳಿಸಿ, ಚೇಷ್ಟೆಯೋ ಏನೋ ತಿಳಿಯದ ಹಾಗೆ, "ಹೆಂಗ ಬರ್ಲಿ? ಪೇಪರಿನಾಂವ ಆಗಿ ಬರ್ಲ್ಯೋ, ಲಕ್ಷ್ಮಪ್ಪ ಆಗಿ ಬರ್ಲ್ಯೋ?" ಎಂದ.

ಲಕ್ಷ್ಮಪ್ಪ ಉತ್ತರಕ್ಕೆ ಕಾಯಲಿಲ್ಲ, ತಮ್ಮಣ್ಣನ ಮುಜುಗರವನ್ನು ತಾನೇ ಆಚೆ ಸರಿಸುವವನಂತೆ ಅಂಗಿಯೊಳಗೆ ಕೈ ಹಾಕಿ ಒಂದು ಕಾರ್ಡು ತೆಗೆದ. ಅಂಚಿಗೆ ಎಣ್ಣೆಯ ಕಲೆ. "ಚೂರಿನಾಗ ಸಿಕ್ತು, ಕಸಾ ಹೊಡಿಯುವಾಗ. ಇದನ್ಯಾಕ ಒಗದ್ಯೋ?"

"ಉಲ್ಟಾ ಬಂದಿತ್ತಣ್ಣಾ."

"ಉಲ್ಟಾ ಬಂದ್ರ ಹೊಳ್ಳಿಸ್ಬೇಕಪಾ." ಲಕ್ಷ್ಮಪ್ಪ ಕಾರ್ಡನ್ನು ಹೊಳ್ಳಿಸಿ ಅವನ ಅಂಗೈಯಲ್ಲಿಟ್ಟ. "ಹತ್ತೊಂಬತ್ತ ವರ್ಷ ಏನ ಕಲಿಸಿದ್ನೋ ನಿನಗ?"

ಬೆನ್ನಿನಲ್ಲಿ ಹೆಸರು ನೆಟ್ಟಗಿತ್ತು. ನೆಟ್ಟಗಿತ್ತು, ಉಬ್ಬಿತ್ತು. ಮುಂದೆ ತಗ್ಗಾಗಿ ಉಲ್ಟಾ ಇಳಿದದ್ದೆಲ್ಲ ಹಿಂದೆ ಸುಲ್ಟಾ ಆಗಿ ಎದ್ದು ನಿಂತಿತ್ತು. ಕಣ್ಣು ಮುಚ್ಚಿದರೂ ಹೆಬ್ಬೆರಳಿಗೆ ಓದಲು ಬರುತ್ತಿತ್ತು, ಶಿ, ವ, ಬ, ಸ, ಕಡೆಗೆ ಆ ಗೋದಿ ಕಾಳು. ಅವ್ವ ಕಾರ್ಡುಗಳನ್ನು ಯಾಕೆ ಹೊಳ್ಳಿಸುತ್ತಿದ್ದಳು ಎಂಬುದು ಆಗ ತಿಳಿಯಿತು. ಹಳೆಯ ಛಾಪಖಾನೆಯ ಅಚ್ಚು ಕಾಗದದ ಬೆನ್ನಿನಲ್ಲಿ ಉಬ್ಬುತ್ತಿತ್ತು. ಅವಳಿಗೆ ಮುಂದು ಹಿಂದು ಗೊತ್ತಿತ್ತು. ಗೊತ್ತಿಲ್ಲದೆ ನಕ್ಕವರು ಇವರು.

"ಹತ್ತೂ ಹತ್ತಕ್ಕ ಆಗಿತ್ತು ಇದು" ಎಂದ ತಮ್ಮಣ್ಣ. "ಹತ್ತೂ ಹತ್ತಕ್ಕ ಆಗಿತ್ತಣ್ಣಾ."

ಲಕ್ಷ್ಮಪ್ಪ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ತಮ್ಮಣ್ಣ ಅವನ ಒದ್ದೆ ಕೈ ಹಿಡಿದುಕೊಂಡು ಜನರ ನಡುವಿನಿಂದ ಒಳಗೆ ಕರೆದುಕೊಂಡು ಹೋದ. ಅಣ್ಣ ನೋಡಿದ. "ಓ, ಪೇಪರ್ ಸಾಹುಕಾರ್ರು. ಬರ್ರಿ. ಏ, ಖುರ್ಚಿ ಕೊಡ್ರಿ ಅವರಿಗೆ." ಭಜನೆಯ ತಾಳ ಜೋರಾಗಿತ್ತು. ತಮ್ಮಣ್ಣ ಹೇಳಿದ. "ಪೇಪರಿನವರಲ್ಲಣ್ಣಾ. ನನಗ ಕೊಯ್ಯೂದು ಕಲಿಸಿದವರು." ಅಣ್ಣ ಕಿವಿಗೆ ಕೈ ಹಿಡಿದ. "ಹೌದೌದು, ಕಾಗದಾ ಕೊಯ್ಯೂದು ಅಂದ್ರ ಸಣ್ಣ ವಿದ್ಯಾ ಅಲ್ಲ, ಕುಂದರ್ರಿ." ಹತ್ತೊಂಬತ್ತು ವರ್ಷ ತಡೆಹಿಡಿದ ಮಾತನ್ನು ಒಂದು ಜೋಡಿ ತಾಳ ತಿಂದುಹಾಕಿತ್ತು. ಬಿಟ್ಟುಬಿಡಬಹುದಿತ್ತು. ಸಕ್ಕರೆ ಡಬ್ಬಿಯ ಗಳಿಗೆಯಂಥದೇ ಇನ್ನೊಂದು ಗಳಿಗೆ. ಹಾಡು ನಿಂತಿತು, ಮುಂದಿನದಕ್ಕೆ ಉಸಿರೆಳೆದುಕೊಳ್ಳುತ್ತಿದ್ದರು. "ಕಾಗದಲ್ಲ" ಎಂದ ತಮ್ಮಣ್ಣ, ಆ ನಿಶ್ಶಬ್ದದಲ್ಲಿ ಬೇಕಾದದ್ದಕ್ಕಿಂತ ಜೋರಾಗಿ. "ಚರ್ಮಾ. ಎಮ್ಮಿ ಚರ್ಮಾ. ನಂದು ಛಾಪಖಾನಿ ಅಲ್ಲಣ್ಣಾ, ಎಂದೂ ಅಲ್ಲ."

ಯಾರೋ ಮುದುಕರು ಕೂತಲ್ಲೇ ಕಾಲು ಹಿಂದಕ್ಕೆಳೆದುಕೊಂಡರು. ಸಾಕ್ಷಿ ದೇವರ ಮಾಡದ ಬದಿಯ ಕಾರ್ಡಿನತ್ತ ನೋಡಿದಳು, ಆಮೇಲೆ ಅವನತ್ತ. ಅಣ್ಣ ಹೆಗಲ ಮೇಲಿನ ಟಾವೆಲ್ಲಿನಿಂದ ಮುಖ ಒರೆಸಿಕೊಂಡ, ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು. "ಅವ್ವಗ ಇದನ್ನ ಹೇಳಿದ್ದಿಯೇನು?" ಎಂದ ಕಡೆಗೆ.

"ಇಲ್ಲ."

"ಹೇಳಬೇಕಿತ್ತು" ಎಂದ ಅಣ್ಣ. ಅಷ್ಟೇ. ಮುಂದಿನ ಹಾಡು ಶುರುವಾಯಿತು. ಲಕ್ಷ್ಮಪ್ಪ ಕುರ್ಚಿಯನ್ನು ಬದಿಗೆ ಸರಿಸಿ ನೆಲದ ಮೇಲೆ, ಬಾಗಿಲ ಹತ್ತಿರ ಕೂತ.

ತಮ್ಮಣ್ಣ ಅವ್ವನ ಎದುರು ಕೂತ. ಎಣ್ಣೆಯ ಕಲೆಯ ಕಾರ್ಡನ್ನು, ಉಬ್ಬಿದ ಬದಿ ಕೆಳಗಾಗಿ, ಅವಳ ತೆರೆದ ಅಂಗೈಯಲ್ಲಿಟ್ಟ. ಬೆರಳು ಮಡಚಲಿಲ್ಲ. ಅವನು ತನ್ನ ಅಂಗೈಯನ್ನು ಮೇಲಿಟ್ಟು ಒತ್ತಿದ. ಪೂರ್ತಿ ಅಲ್ಲ. ಮುಟ್ಟಿತೋ ಇಲ್ಲವೋ ಎನ್ನುವಲ್ಲಿ ಕೈ ತಡೆದು, ಸದ್ದಿಲ್ಲದೆ, ಎರಡು ವರ್ಷ ಹಿಡಿದು ಕಲಿತ ಹಾಗೆ. ಹಾಡು ಮುಗಿಯುವವರೆಗೂ ಹಾಗೆಯೇ ಇದ್ದ. ಹೊತ್ತುಕೊಂಡು ಹೋಗಲು ಹೂವಿನ ವಿಮಾನ ಬಂತು, ಏಳು ಎಂದರು. ಅವನು ಕಾರ್ಡು ಎತ್ತಿದ.

ಅಂಗೈಯಲ್ಲಿ ಹೆಸರು ಮೂಡಿತ್ತು. ಉಲ್ಟಾ. ಜೀವವಿರುವ ಅಂಗೈಯಾದರೆ ನಾಲ್ಕು ಗಳಿಗೆಯಲ್ಲಿ ಗುರುತು ತುಂಬಿಕೊಳ್ಳುತ್ತಿತ್ತು, ಬೆರಳು ತೆಗೆದ ಹಿಟ್ಟಿನ ಹಾಗೆ ತಾನೇ ಎದ್ದುಕೊಳ್ಳುತ್ತಿತ್ತು. ಇದು ಏಳಲಿಲ್ಲ. ಐದೂ ಅಕ್ಷರ, ಕೆಳಗಿನ ಒತ್ತೂ, ಇಟ್ಟಲ್ಲೇ ಇದ್ದವು. ಸತ್ತ ಚರ್ಮ ಒತ್ತನ್ನು ಮರೆಯುವುದಿಲ್ಲ ಎಂಬುದು ಅವನ ಕೈಗೆ ಗೊತ್ತಿದ್ದ ಸಂಗತಿ. ದಿನವೂ ಅದರಿಂದಲೇ ಅವನ ಅನ್ನ. ಅದನ್ನು ಇಲ್ಲಿ, ಇವಳ ಮೇಲೆ ತಿಳಿದುಕೊಂಡ ತನ್ನ ಕೈಯನ್ನು ಅವನು ನೋಡಿದ. ಯಾರಿಗೂ ಕಾಣುವ ಮೊದಲೇ ಅವಳ ಅಂಗೈಯ ಮೇಲೆ ಆ ಕೈಯನ್ನೇ ಮುಚ್ಚಿದ.

"ತಮ್ಮಾ, ಏಳೋ" ಎಂದ ಅಣ್ಣ. "ಕೈ ಬಿಡು."